ಗಾಡಿ ಹತ್ತುವ ಮುಂಚೆ: ಇದು ಯಾವ ಲೆಕ್ಕದ ಬಾಡಿಗೆ?

ರಾತ್ರಿ ಬಸ್ಸಿನಲ್ಲಿ ಊರಿಂದ ಬಂದು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಬೆಳಗಿನ ಐದೂಕಾಲು. ಅವತ್ತು ಭಾನುವಾರ, ಮೆಟ್ರೋ ಶುರುವಾಗುವುದು ಏಳಕ್ಕೆ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಅಮ್ಮ ಹಠ ಮಾಡಿ ಕೊಟ್ಟ ತೆಂಗಿನಕಾಯಿ ಚೀಲ. ಬನಶಂಕರಿಗೆ ಎಷ್ಟಾಗುತ್ತೆ ಅಂತ ಆಟೋದವರನ್ನು ಕೇಳಿದೆ. ಮೊದಲನೆಯವರು ನಾನೂರು ಅಂದರು. ಎರಡನೆಯವರು ಮುನ್ನೂರೈವತ್ತು. ಮೂರನೆಯವರು, "ಮೀಟರ್ ಮೇಲೆ ನೂರು ಕೊಡಿ ಸಾರ್" ಅಂದರು. ಫೋನ್ ತೆಗೆದೆ. ಒಂದು ಆ್ಯಪ್‌ನಲ್ಲಿ 214, ಇನ್ನೊಂದರಲ್ಲಿ 187. ಒಂದೇ ರಸ್ತೆ, ಒಂದೇ ಹೊತ್ತು, ಐದು ರೇಟು.

ಆ್ಯಪ್‌ನಲ್ಲಿ ಯಾರೂ ಒಪ್ಪಿಕೊಳ್ಳಲಿಲ್ಲ. ಮೀಟರ್ ಮೇಲೆ ನೂರು ಅಂದವರು ಅಷ್ಟರಲ್ಲಿ ಬೇರೆ ಸವಾರಿ ಹತ್ತಿಸಿಕೊಂಡು ಹೋಗಿಬಿಟ್ಟಿದ್ದರು. ಕೊನೆಗೆ ಮುನ್ನೂರೈವತ್ತಕ್ಕೆ ಹತ್ತಿದೆ. ನಿದ್ದೆ ಬರುತ್ತಿತ್ತು, ಅಷ್ಟೇ ಕಾರಣ. ಮನೆಗೆ ಬಂದು ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದರೆ, ಸುಮಾರು 9 ಕಿ.ಮೀ.ಗೆ ಸರ್ಕಾರಿ ದರ 162 ರೂಪಾಯಿ. ರಾತ್ರಿ ದರ ಐದು ಗಂಟೆಗೇ ಮುಗಿದಿತ್ತು.

ಆಮೇಲೆ ಒಂದು ವಿಷಯ ಹೊಳೆಯಿತು. ಆ ಐದು ರೇಟು ಒಂದೇ ಬಾಡಿಗೆಯ ಏರಿಳಿತ ಅಲ್ಲ. ನಮ್ಮ ರಸ್ತೆಯ ಮೇಲೆ ಐದಾರು ಬೇರೆ ಬೇರೆ ಲೆಕ್ಕಗಳು ಅಕ್ಕಪಕ್ಕದಲ್ಲೇ ಓಡುತ್ತಿವೆ. ತಾನು ಯಾವ ಲೆಕ್ಕದಲ್ಲಿ ಓಡಿಸುತ್ತಿದ್ದೇನೆ ಅಂತ ಡ್ರೈವರ್‌ಗೆ ಗೊತ್ತಿರುತ್ತದೆ, ಹತ್ತಿದವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಕೆಳಗೆ ಹೇಳುವುದೆಲ್ಲ ಒಂದೇ ಕೆಲಸಕ್ಕೆ: ಇನ್ನೊಬ್ಬರು ರೇಟು ಹೇಳುವ ಮುಂಚೆ ನಿಮ್ಮ ತಲೆಯಲ್ಲಿ ನಿಮ್ಮದೇ ಒಂದು ಸಂಖ್ಯೆ ಇರಬೇಕು. ಉದಾಹರಣೆಗಳು ಬೆಂಗಳೂರಿನವು, ನನಗೆ ದಿನಾ ಗೊತ್ತಿರುವುದು ಅದೇ.

ಮೊದಲು ದೂರ ನೋಡಿ, ಆಮೇಲೆ ಗಾಡಿ ನೋಡಿ

ಇಳಿದ ಮೇಲೆ ನೋಡಿದರೆ ತಡ. ಬಸ್ಸು ಗೊರಗುಂಟೆಪಾಳ್ಯ ದಾಟುವಾಗಲೇ ಮ್ಯಾಪ್ ತೆಗೆದು ಕಿ.ಮೀ. ಎಷ್ಟು ಅಂತ ನೋಡಿಕೊಳ್ಳಿ. ನಿಮಿಷ ಬೇಡ, ಕಿ.ಮೀ. ಸಾಕು. ಮ್ಯಾಪ್ ಎರಡು ಮೂರು ದಾರಿ ತೋರಿಸಿದರೆ ಮಧ್ಯದ್ದನ್ನು ಹಿಡಿದುಕೊಳ್ಳಿ. ಒನ್‌ವೇ, ಕಾಮಗಾರಿ ಅಂತ ಬೆಂಗಳೂರಿನಲ್ಲಿ ಅರ್ಧ ಕಿ.ಮೀ. ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ.

ಇನ್ನು ಗಾಡಿ. ಬಾಡಿಗೆಗೆ ಓಡುವ ಕಾರಿಗೆ ಹಳದಿ ಬೋರ್ಡು, ಕಪ್ಪು ಅಕ್ಷರ. ಎಲೆಕ್ಟ್ರಿಕ್ ಟ್ಯಾಕ್ಸಿ ಆದರೆ ಹಸಿರು ಬೋರ್ಡಿನ ಮೇಲೆ ಹಳದಿ ಅಕ್ಷರ. ವೈಟ್ ಬೋರ್ಡಿನ ಕಾರಿನವರು "ಏರ್‌ಪೋರ್ಟಾ ಸಾರ್, ಬನ್ನಿ" ಅಂತ ಕರೆದರೆ ಹತ್ತಬೇಡಿ. ಅದು ಬಾಡಿಗೆಗೆ ಓಡಿಸುವ ಗಾಡಿಯೇ ಅಲ್ಲ. ಅದಕ್ಕೆ ಯಾವ ದರಪಟ್ಟಿಯೂ ಇಲ್ಲ, ನಾಳೆ ಹೆಚ್ಚುಕಮ್ಮಿಯಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವ ಪ್ರಶ್ನೆಯೂ ಅದೇ.

ಉಳಿದಂತೆ ಲೆಕ್ಕಗಳು ಇವು: ಮೀಟರ್ ಆಟೋ, ಆ್ಯಪ್ ಆಟೋ, ಸಿಟಿ ಟ್ಯಾಕ್ಸಿ ಮತ್ತು ಆ್ಯಪ್ ಕ್ಯಾಬ್, ಗಂಟೆ ಲೆಕ್ಕದ ಪ್ಯಾಕೇಜು, ಔಟ್‌ಸ್ಟೇಷನ್. ಇವೆಲ್ಲ ಬಿಟ್ಟು ಆರನೆಯದೊಂದಿದೆ, ಬಾಯಿಮಾತಿನ ರೇಟು. ಮೆಜೆಸ್ಟಿಕ್‌ನಲ್ಲಿ ನಾನು ಕೊಟ್ಟಿದ್ದು ಅದನ್ನೇ.

ಮೀಟರ್ ಆಟೋ: ಕಿ.ಮೀ. ಇಂಟು ಹದಿನೆಂಟು

ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಯಾದ ದರ: ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಅದಕ್ಕೂ ಮುಂಚೆ 2021ರ ಡಿಸೆಂಬರ್‌ನಿಂದ 30 ಮತ್ತು 15 ಇತ್ತು.

ಇಲ್ಲೊಂದು ಅನುಕೂಲ ಇದೆ. 36 ಅಂದರೆ ಎರಡು ಹದಿನೆಂಟು. ಹಾಗಾಗಿ 2 ಕಿ.ಮೀ. ದಾಟಿದ ಮೇಲೆ ಮಿನಿಮಮ್ಮು, ಹೆಚ್ಚುವರಿ ಅಂತೆಲ್ಲ ಬೇರೆ ಬೇರೆ ಲೆಕ್ಕ ಬೇಡ. ಒಟ್ಟು ಕಿ.ಮೀ.ಯನ್ನು 18ರಿಂದ ಗುಣಿಸಿ, ಮುಗಿಯಿತು. 7 ಕಿ.ಮೀ. ಆದರೆ 126. ಹದಿನೆಂಟರ ಮಗ್ಗಿ ಕಷ್ಟ ಅನ್ನುವವರು ಇಪ್ಪತ್ತರಿಂದ ಗುಣಿಸಿ ಹತ್ತರಲ್ಲೊಂದು ಭಾಗ ಕಳೆಯಿರಿ. 7 ಇಂಟು 20, ನೂರನಲವತ್ತು. ಅದರಲ್ಲಿ ಹದಿನಾಲ್ಕು ಹೋದರೆ ನೂರಿಪ್ಪತ್ತಾರು.

ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಒಂದೂವರೆ ಪಟ್ಟು. ಆಟೋದವರು "ಒನ್ ಅಂಡ್ ಹಾಫ್" ಅನ್ನುವುದು ಇದನ್ನೇ, ಅದು ನ್ಯಾಯವಾದದ್ದೇ. ಅದೇ 7 ಕಿ.ಮೀ. ಆಗ 189 ಆಗುತ್ತದೆ. ಆದರೆ ಸಂಜೆ ಏಳಕ್ಕೆ ಮಳೆ ಬಂತು ಅಂತ, ಬೆಳಗ್ಗೆ ಆರಕ್ಕೆ ಇನ್ನೂ ಕತ್ತಲಿದೆ ಅಂತ ಒನ್ ಅಂಡ್ ಹಾಫ್ ಕೇಳುವುದಕ್ಕೆ ದರಪಟ್ಟಿಯಲ್ಲಿ ಜಾಗ ಇಲ್ಲ. "ಡಬಲ್ ಮೀಟರ್" ಅನ್ನುವುದು ಯಾವ ಹೊತ್ತಿಗೂ ಇಲ್ಲ.

ವೇಟಿಂಗ್‌ಗೆ ಮೊದಲ 5 ನಿಮಿಷ ಫ್ರೀ, ಆಮೇಲೆ ಪ್ರತಿ 15 ನಿಮಿಷಕ್ಕೆ 10 ರೂಪಾಯಿ. ಲಗೇಜು 20 ಕೆ.ಜಿ.ವರೆಗೆ ಫ್ರೀ. ಅಂದರೆ ನನ್ನ ತೆಂಗಿನಕಾಯಿ ಚೀಲಕ್ಕೆ ಅವತ್ತು ಏನೂ ಕೊಡಬೇಕಾಗಿರಲಿಲ್ಲ. "ಲಗೇಜ್ ಬೇರೆ ಇದೆ ನೋಡಿ" ಅಂತ ಅವರು ಅದನ್ನೇ ತೋರಿಸಿ ರೇಟು ಏರಿಸಿದ್ದರು. ಈ ದರ ಮೂರು ಜನಕ್ಕೆ. ಮೂವರು ಕೂತಿದ್ದೀರಿ ಅಂತ ಹೆಚ್ಚಿಗೆ ಕೊಡಬೇಕಾಗಿಲ್ಲ.

ಈಗ ಮಾತಿನ ವಿಷಯ. "ಎಷ್ಟಾಗುತ್ತೆ?" ಅಂತ ಕೇಳಲೇಬೇಡಿ. ಹಾಗೆ ಕೇಳಿದ ತಕ್ಷಣ ನೀವು ಮೀಟರ್ ಬಿಟ್ಟು ಚೌಕಾಸಿಗೆ ಇಳಿದಿರಿ ಅಂತ ಅರ್ಥ. ಜಾಗದ ಹೆಸರು ಹೇಳಿ, ಹಿಂದೆಯೇ "ಮೀಟರ್ ಹಾಕ್ತೀರಾ ಅಣ್ಣ?" ಅಂತ ಕೇಳಿ. ಮೊದಲ ಮೂವರು ಇಲ್ಲ ಅನ್ನಬಹುದು. ನಾಲ್ಕನೆಯವರು ತಲೆ ಆಡಿಸುತ್ತಾರೆ. ನಿಂತಿರುವ ಆಟೋಗಿಂತ ಓಡುತ್ತಿರುವ ಆಟೋಗೆ ಕೈ ತೋರಿಸುವುದು ಒಳ್ಳೆಯದು. ಸ್ಟ್ಯಾಂಡಿನಲ್ಲಿ, ಬಸ್ಸಿಳಿಯುವ ಜಾಗದಲ್ಲಿ, ಮಾಲ್ ಗೇಟಿನಲ್ಲಿ ಕಾಯುತ್ತಾ ನಿಂತವರು ದೊಡ್ಡ ಸವಾರಿಗೇ ಕಾಯುತ್ತಿರುತ್ತಾರೆ. ಇನ್ನೂರು ಮೀಟರ್ ನಡೆದು ಮುಂದಿನ ಸಿಗ್ನಲ್ ದಾಟಿ ನಿಂತರೆ ರೇಟೇ ಬದಲಾಗುತ್ತದೆ. ಎಷ್ಟೋ ಸಲ ನೋಡಿದ್ದೇನೆ.

ಹತ್ತಿದ ಮೇಲೆ ಮೀಟರ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಹೊರಡುವಾಗ 36 ತೋರಿಸಬೇಕು. ಹಿಂದಿನ ಸವಾರಿಯ ಮೊತ್ತ ಹಾಗೇ ಇದ್ದರೆ ಅಲ್ಲೇ ಹೇಳಿ. ಹಳೇ ಮೀಟರ್‌ಗಳನ್ನು 2025ರ ಅಕ್ಟೋಬರ್ ಕೊನೆಯೊಳಗೆ ಹೊಸ ದರಕ್ಕೆ ಬದಲಿಸಿ ಸೀಲ್ ಹಾಕಿಸಿಕೊಳ್ಳಬೇಕು ಅಂತ ಆದೇಶ ಇತ್ತು. ಇನ್ನೂ 30 ತೋರಿಸುವ ಮೀಟರ್ ಸಿಕ್ಕರೆ ಗಾಬರಿ ಬೇಡ. ಹೊಸ ದರ ಹಳೆಯದಕ್ಕಿಂತ ಸರಿಯಾಗಿ ಶೇ. 20 ಜಾಸ್ತಿ. ಮೀಟರ್ 100 ತೋರಿಸಿದರೆ 120 ಕೊಡಿ. ಬಾಯಿಗೆ ಬಂದಷ್ಟಲ್ಲ.

ಮೀಟರ್ ಜಂಪ್ ಆಗುತ್ತಿದೆ ಅಂತ ಅನುಮಾನ ಬಂದರೆ ಫೋನಿನ ಮ್ಯಾಪ್ ಜೊತೆ ಹೋಲಿಸಿ. 5 ಕಿ.ಮೀ. ಆದಾಗ 90ರ ಆಸುಪಾಸು ಇರಬೇಕು. 95 ಇದ್ದರೆ ಸುಮ್ನೆ ಬಿಡಿ. 120 ಇದ್ದರೆ ಮೀಟರ್ ಸರಿಯಿಲ್ಲ, ಗಾಡಿ ನಂಬರ್ ಬರೆದುಕೊಳ್ಳಿ.

ಇಷ್ಟೆಲ್ಲ ಹೇಳಿ ಇನ್ನೊಂದು ಕಡೆಯ ಮಾತು ಹೇಳದಿದ್ದರೆ ತಪ್ಪಾಗುತ್ತದೆ. 2021ರ ಡಿಸೆಂಬರ್‌ನಿಂದ 2025ರ ಜುಲೈವರೆಗೆ, ಮೂರು ವರ್ಷ ಎಂಟು ತಿಂಗಳು, ಆಟೋ ದರ ಒಂದು ರೂಪಾಯಿ ಏರಲಿಲ್ಲ. ಆ ಕಾಲದಲ್ಲಿ ನಮ್ಮ ಬೀದಿ ತುದಿಯ ಆಟೋ ಅಣ್ಣ, "ಮೀಟರ್ ಹಾಕಿದ್ರೆ ವರ್ಕೌಟ್ ಆಗಲ್ಲ ಸಾರ್, ಆ ಕಡೆಯಿಂದ ಖಾಲಿ ಬರಬೇಕು" ಅನ್ನುತ್ತಿದ್ದರು. ಸುಳ್ಳೇನಲ್ಲ. ಹಾಗಾಗಿ ಮೀಟರ್ ಹಾಕಿ ಮೇಲೆ ಇಪ್ಪತ್ತು ಕೇಳಿದವರ ಜೊತೆ ನಾನು ಜಗಳ ಆಡುವುದಿಲ್ಲ. ಮೀಟರ್ ಹಾಕಿದ್ದಾರಲ್ಲ, ಅದೇ ದೊಡ್ಡದು. 162ಕ್ಕೆ 350 ಕೇಳುವುದು ಬೇರೆಯೇ ಮಾತು.

ಒಂದು ಎಚ್ಚರಿಕೆ: ಇದು ಬೆಂಗಳೂರಿನ ದರ. ಆಟೋ ದರ ನಿಗದಿ ಮಾಡುವುದು ಆಯಾ ಜಿಲ್ಲೆಯ ಸಾರಿಗೆ ಪ್ರಾಧಿಕಾರ. ಮೈಸೂರು, ಮಂಗಳೂರು, ಹುಬ್ಬಳ್ಳಿಗೆ ಹೋದಾಗ ಹದಿನೆಂಟರ ಮಗ್ಗಿ ಹೇಳಿ ವಾದ ಮಾಡಬೇಡಿ. ಅಲ್ಲಿನ ದರಪಟ್ಟಿ ಕೇಳಿ.

ಟ್ಯಾಕ್ಸಿ: ಕಾರಿನ ಬೆಲೆ ಮೇಲೆ ದರ

ಇದು ತುಂಬಾ ಜನಕ್ಕೆ ಗೊತ್ತಿಲ್ಲ. ರಾಜ್ಯ ಸರ್ಕಾರ 2024ರ ಫೆಬ್ರವರಿಯಲ್ಲಿ ಸಿಟಿ ಟ್ಯಾಕ್ಸಿಗೂ ಆ್ಯಪ್ ಕ್ಯಾಬ್‌ಗೂ ಒಂದೇ ದರ ಅಂತ ಆದೇಶ ಹೊರಡಿಸಿತು. ಎಸಿ, ನಾನ್ ಎಸಿ, ಪ್ರೈಮು, ಸೆಡಾನು ಅನ್ನುವ ಭೇದ ಅದರಲ್ಲಿಲ್ಲ. ಕಾರಿನ ಬೆಲೆ ಎಷ್ಟು ಅನ್ನುವುದರ ಮೇಲೆ ಮೂರು ಗುಂಪು.

10 ಲಕ್ಷದವರೆಗಿನ ಕಾರು: ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24.
10ರಿಂದ 15 ಲಕ್ಷದ ಕಾರು: 4 ಕಿ.ಮೀ.ಗೆ 115, ಆಮೇಲೆ 28.
15 ಲಕ್ಷ ದಾಟಿದ ಕಾರು: 4 ಕಿ.ಮೀ.ಗೆ 130, ಆಮೇಲೆ 32.

ನಾವು ದಿನಾ ಹತ್ತುವ ವ್ಯಾಗನ್ ಆರ್ ಥರದ ಗಾಡಿಗಳು ಮೊದಲ ಗುಂಪಿನವು. ಇದಕ್ಕೂ ಒಂದು ಸುಲಭ ಸೂತ್ರ ಇದೆ. ಒಟ್ಟು ಕಿ.ಮೀ. ಇಂಟು 24, ಮೇಲೆ 4 ರೂಪಾಯಿ ಸೇರಿಸಿ. 12 ಕಿ.ಮೀ. ಆದರೆ 288, ನಾಲ್ಕು ಸೇರಿಸಿದರೆ 292. ಎರಡನೇ ಗುಂಪಿಗೆ ಇಂಟು 28, ಮೇಲೆ 3. ದೊಡ್ಡ ಕಾರಿಗೆ ಇಂಟು 32, ಮೇಲೆ 2. ಬೇಕಾದರೆ ಕೂಡಿಸಿ ನೋಡಿ, ಸರಿಹೋಗುತ್ತದೆ.

ರಾತ್ರಿ ಹನ್ನೆರಡರಿಂದ ಬೆಳಗಿನ ಆರರವರೆಗೆ ಶೇ. 10 ಹೆಚ್ಚು. ಗಮನಿಸಿ, ಆಟೋ ರಾತ್ರಿಯೇ ಬೇರೆ, ಟ್ಯಾಕ್ಸಿ ರಾತ್ರಿಯೇ ಬೇರೆ. ಹತ್ತೂವರೆಗೆ ಕ್ಯಾಬ್ ಹತ್ತಿದರೆ ಇನ್ನೂ ಹಗಲಿನ ದರವೇ. ವೇಟಿಂಗ್ ಮೊದಲ 5 ನಿಮಿಷ ಫ್ರೀ, ಆಮೇಲೆ ನಿಮಿಷಕ್ಕೆ 1 ರೂಪಾಯಿ. ಲಗೇಜು 120 ಕೆ.ಜಿ.ವರೆಗೆ ಫ್ರೀ, ಅಂದರೆ ಮನೆ ಬದಲಿಸುವವರನ್ನು ಬಿಟ್ಟು ಯಾರೂ ಕೊಡಬೇಕಾಗಿಲ್ಲ. ಆ್ಯಪ್ ಕ್ಯಾಬ್ ಆದರೆ ಶೇ. 5 ಜಿಎಸ್‌ಟಿ ಮತ್ತು ಟೋಲ್ ಮೇಲೆ ಬರುತ್ತದೆ.

ಆ್ಯಪ್ ತೋರಿಸುವ ಮೊತ್ತವನ್ನು ಬಿಡಿಸಿ ಓದುವುದು

ಆ್ಯಪ್‌ನಲ್ಲಿ ಒಂದೇ ಸಂಖ್ಯೆ ದಪ್ಪಗೆ ಕಾಣುತ್ತದೆ. ಅದರ ಪಕ್ಕದಲ್ಲೊಂದು ಚಿಕ್ಕ ಗುರುತಿರುತ್ತದೆ, ಒತ್ತಿದರೆ ವಿವರ ಬಿಚ್ಚಿಕೊಳ್ಳುತ್ತದೆ. ಬುಕ್ ಮಾಡುವ ಮುಂಚೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ರಿಪ್ ಮುಗಿದ ಮೇಲೆ ಅದು ಸಿಗುವುದಿಲ್ಲ, ಬರೀ ಕೊನೆಯ ಬಿಲ್ಲು ಸಿಗುತ್ತದೆ. ಎರಡೂ ಇದ್ದರೆ ಮಾತ್ರ ಎಲ್ಲಿ ಏರಿತು ಅಂತ ಹೇಳಬಹುದು.

ನಮ್ಮ ಚಿಕ್ಕಮ್ಮ ಒಮ್ಮೆ ಕೆಂಡಾಮಂಡಲವಾಗಿ ಫೋನ್ ಮಾಡಿದರು. ಹತ್ತುವಾಗ 248, ಇಳಿಯುವಾಗ 319. "ಹಗಲು ದರೋಡೆ ಕಣೋ" ಅಂದರು. ಬಿಲ್ ತರಿಸಿ ನೋಡಿದೆ. ಟ್ರಿಪ್ ಶುಲ್ಕ 281, ವೇಟಿಂಗ್ 12, ಜಿಎಸ್‌ಟಿ 15, ಇತರೆ ಶುಲ್ಕ 11. ಕೇಳುತ್ತಾ ಹೋದರೆ ಮಧ್ಯದಲ್ಲಿ ಮೆಡಿಕಲ್ ಶಾಪ್ ಹತ್ತಿರ ಗಾಡಿ ನಿಲ್ಲಿಸಿ ಮಾತ್ರೆ ತಗೊಂಡಿದ್ದರು, ಆಮೇಲೆ ಸರ್ಕಲ್ ಸುತ್ತಿ ವಾಪಸ್ ಬಂದಿದ್ದರು. ಆ ಸುತ್ತಿಗೇ ಒಂದೂ ಚಿಲ್ಲರೆ ಕಿ.ಮೀ. ಅಲ್ಲಿ ಡ್ರೈವರ್ ತಪ್ಪು ಏನೂ ಇರಲಿಲ್ಲ. ಮಧ್ಯೆ ನಿಲ್ಲಿಸಬೇಕಾದರೆ ಬುಕ್ ಮಾಡುವಾಗಲೇ ಸ್ಟಾಪ್ ಸೇರಿಸಿಬಿಡಿ. ಇಲ್ಲದಿದ್ದರೆ ಹೇಳಿದ ಮೊತ್ತ ಬಿಟ್ಟು ಓಡಿದ ದೂರದ ಲೆಕ್ಕಕ್ಕೆ ಬಿಲ್ ತಿರುಗಿಕೊಳ್ಳುತ್ತದೆ.

ಆ್ಯಪ್ ಆಟೋಗೆ ಬೇರೆ ಲೆಕ್ಕ. 2022ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ, ಸರ್ಕಾರಿ ಆಟೋ ದರದ ಮೇಲೆ ಶೇ. 5 ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ತಗೊಳ್ಳಬಹುದು ಅಂತ ಆದೇಶಿಸಿತು. ಕಂಪನಿಗಳು ಕೋರ್ಟಿಗೆ ಹೋದವು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಅಂದರೆ 126 ರೂಪಾಯಿಯ ಸವಾರಿ ಆ್ಯಪ್‌ನಲ್ಲಿ ಎಲ್ಲ ಸೇರಿ 140ರ ಒಳಗೇ ಇರಬೇಕು. 190 ತೋರಿಸಿದರೆ ಆ ಐವತ್ತು ಯಾವ ಲೆಕ್ಕದ್ದು ಅಂತ ಕೇಳುವ ಹಕ್ಕು ನಿಮಗಿದೆ.

ಇತ್ತೀಚೆಗೆ ಇದಕ್ಕೂ ಒಂದು ತಿರುವು ಬಂದಿದೆ. ಡ್ರೈವರ್ ಹತ್ತಿರ ಕಮಿಷನ್ ಬದಲು ದಿನದ ಫೀಸು ತಗೊಳ್ಳುವ ಪದ್ಧತಿಗೆ ಹಲವು ಆ್ಯಪ್‌ಗಳು ಹೊರಳಿವೆ. ಬೆಂಗಳೂರಿನಲ್ಲಿ 2022ರ ಕೊನೆಗೆ ನಮ್ಮ ಯಾತ್ರಿ ಶುರುವಾದ ಮೇಲೆ ಈ ಗಾಳಿ ಬೀಸಿತು. ಇಂಥ ಕಡೆ ದುಡ್ಡು ನೇರ ಡ್ರೈವರ್ ಕೈಗೆ ಹೋಗುತ್ತದೆ. ಕೆಲವು ಆ್ಯಪ್‌ಗಳು ತಾವು ತೋರಿಸುವ ದರ ಬರೀ ಸಲಹೆ ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತವೆ. ಆಗ ಡ್ರೈವರ್ ಬಂದು, "ಆ್ಯಪ್‌ನಲ್ಲಿ ಎಷ್ಟು ತೋರಿಸ್ತಿದೆ? ಅದರ ಮೇಲೆ ಐವತ್ತು ಕೊಡಿ" ಅಂದರೆ ಕಂಪನಿ ನಡುವೆ ಬರುವುದಿಲ್ಲ. ಓಟಿಪಿ ಹೇಳುವ ಮುಂಚೆಯೇ ಮೊತ್ತ ಖಚಿತ ಮಾಡಿಕೊಳ್ಳಿ. ಓಟಿಪಿ ಹೇಳಿದ ಮೇಲೆ ಚೌಕಾಸಿ ಮಾಡುವುದು ಕಷ್ಟ.

ಸರ್ಜ್, ಅಂದರೆ ಬೇಡಿಕೆ ಹೆಚ್ಚಾದಾಗ ಆ್ಯಪ್ ಏರಿಸುವ ದರದ ಬಗ್ಗೆ: ರಾಜ್ಯದ 2024ರ ಟ್ಯಾಕ್ಸಿ ದರದಲ್ಲಿ ಹೊತ್ತಿನ ಮೇಲೆ ಇರುವ ಏರಿಕೆ ಅಂದರೆ ರಾತ್ರಿಯ ಶೇ. 10. ಆದರೆ ಕೇಂದ್ರ ಸರ್ಕಾರದ 2025ರ ಮಾರ್ಗಸೂಚಿ ಮೂಲ ದರದ ಎರಡು ಪಟ್ಟಿನವರೆಗೆ ಏರಿಸಲು ಬಿಡುತ್ತದೆ. 2020ರದ್ದರಲ್ಲಿ ಅದು ಒಂದೂವರೆ ಪಟ್ಟು ಇತ್ತು. ಮಾರ್ಗಸೂಚಿಯನ್ನು ರಾಜ್ಯಗಳು ಅಳವಡಿಸಿಕೊಳ್ಳಬೇಕು. ಎರಡು ನಿಯಮಗಳ ನಡುವಿನ ಈ ಸಂದಿಯಲ್ಲೇ ಮಳೆಗಾಲದ ಸಂಜೆಯ ರೇಟು ಓಡಾಡುತ್ತಿರುವುದು. ನೀವು ಮಾಡಬಹುದಾದ್ದು ಸಣ್ಣದು: ಹತ್ತು ನಿಮಿಷ ಕಾಯಿರಿ, ಅಥವಾ ಟೆಕ್ ಪಾರ್ಕ್ ಗೇಟು, ಮೆಟ್ರೋ ಮೆಟ್ಟಿಲು ಬಿಟ್ಟು ಅರ್ಧ ಕಿ.ಮೀ. ಆಚೆ ಪಿಕಪ್ ಹಾಕಿ.

ಒಂದೇ ಸವಾರಿಗೆ ಐಫೋನ್‌ನಲ್ಲಿ ಒಂದು, ಆಂಡ್ರಾಯ್ಡ್‌ನಲ್ಲಿ ಇನ್ನೊಂದು ರೇಟು ಬರುತ್ತದೆ ಅಂತ ಜನ ದೂರಿದ್ದಕ್ಕೆ 2025ರ ಜನವರಿಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾ ಮತ್ತು ಉಬರ್‌ಗೆ ನೋಟಿಸ್ ಕೊಟ್ಟಿತ್ತು. ಫೋನ್ ನೋಡಿ ದರ ಹಾಕುವುದಿಲ್ಲ ಅಂತ ಎರಡೂ ಕಂಪನಿ ಹೇಳಿದವು. ನಿಜ ಏನೇ ಇರಲಿ, ಮನೆಯಲ್ಲಿ ಎರಡು ಫೋನಿದ್ದರೆ ಎರಡರಲ್ಲೂ ನೋಡುವುದಕ್ಕೆ ಖರ್ಚೇನಿಲ್ಲ, ಅಲ್ವಾ? ಬುಕ್ ಮಾಡುವಾಗಲೇ "ಟಿಪ್ ಸೇರಿಸಿದರೆ ಗಾಡಿ ಬೇಗ ಸಿಗುತ್ತೆ" ಅಂತ ಬರುವುದನ್ನು ನಾನು ಟಿಪ್ ಅಂತ ಕರೆಯುವುದೇ ಇಲ್ಲ. ಟಿಪ್ ಕೊಡುವುದು ಇಳಿದ ಮೇಲೆ, ಖುಷಿಯಾದರೆ.

ಏರ್‌ಪೋರ್ಟ್‌ಗೆ

ಮೆಜೆಸ್ಟಿಕ್ ಕಡೆಯಿಂದ ದೂರ 35 ಕಿ.ಮೀ. ಅಂತ ಇಟ್ಟುಕೊಳ್ಳಿ. ಸಣ್ಣ ಕಾರಿನ ಸರ್ಕಾರಿ ದರ 844. ಜಿಎಸ್‌ಟಿ ಸೇರಿ 886, ಮೇಲೆ ಟೋಲ್ ಇದ್ದರೆ ಟೋಲ್. ಇದೊಂದು ಸಂಖ್ಯೆ ತಲೆಯಲ್ಲಿದ್ದರೆ ಕೌಂಟರ್‌ನವರು 1,600 ಅಂದಾಗ ಮುಖ ನೋಡಿ ಸುಮ್ನೆ ಮುಂದೆ ನಡೆಯಬಹುದು. ಹೆಣ್ಣೂರು–ಬಾಗಲೂರು ಕಡೆಯಿಂದ ಹೋದ ಗಾಡಿಗೆ ಸಾದಹಳ್ಳಿಯ ಟೋಲ್ ಸಿಗುವುದಿಲ್ಲ. ಆದರೂ ಬಿಲ್ಲಿನಲ್ಲಿ ಟೋಲ್ ಬಿದ್ದಿದ್ದರೆ ಆ್ಯಪ್‌ನಲ್ಲಿ ದೂರು ಹಾಕಿ. ಮ್ಯಾಪಿನಲ್ಲಿ ದಾರಿ ದಾಖಲಾಗಿರುವುದರಿಂದ ಇದೊಂದು ದುಡ್ಡು ಸಾಮಾನ್ಯವಾಗಿ ವಾಪಸ್ ಬರುತ್ತದೆ. ಒಬ್ಬರೇ ಇದ್ದರೆ, ಲಗೇಜು ಕಡಿಮೆ ಇದ್ದರೆ, ಬಿಎಂಟಿಸಿಯ ವಾಯು ವಜ್ರ ಬಸ್ಸು ಇದೆ. ಟಿಕೆಟ್ ರೇಟು ಮಳೆ ಬಂದರೂ ಅದೇ.

ಔಟ್‌ಸ್ಟೇಷನ್: ಇಲ್ಲಿ ದುಡ್ಡು ಹೋಗುವುದು ಕಿ.ಮೀ.ಗಲ್ಲ

ಆಟೋದಲ್ಲಿ ನೂರು ಹೋದರೆ ಹೊಟ್ಟೆ ಉರಿದುಕೊಳ್ಳುವ ನಾವು ಊರಾಚೆ ಟ್ರಿಪ್‌ನಲ್ಲಿ ನಾಲ್ಕು ಸಾವಿರ ಹೋದರೂ ಗಮನಿಸುವುದಿಲ್ಲ. ಯಾಕೆಂದರೆ ನಾವು ಕೇಳುವುದು ಒಂದೇ ಪ್ರಶ್ನೆ, "ಕಿ.ಮೀ.ಗೆ ಎಷ್ಟು?" ಅದು ಮುಖ್ಯವಲ್ಲದ ಪ್ರಶ್ನೆ.

ಮುಖ್ಯವಾದದ್ದು ದಿನಕ್ಕೆ ಮಿನಿಮಮ್ ಎಷ್ಟು ಕಿ.ಮೀ. ಮತ್ತು ದಿನ ಅಂದರೆ ಏನು. ಬೆಂಗಳೂರಿನ ಟ್ರಾವೆಲ್ಸ್‌ನವರು ಸಾಮಾನ್ಯವಾಗಿ ದಿನಕ್ಕೆ 300 ಕಿ.ಮೀ. ಮಿನಿಮಮ್ ಹಿಡಿಯುತ್ತಾರೆ, ಕೆಲವರು 250. ನೀವು ಓಡಿಸಲಿ ಬಿಡಲಿ, ಅಷ್ಟಕ್ಕೆ ದುಡ್ಡು. ದಿನ ಅಂದರೆ ಬಹಳ ಕಡೆ ಕ್ಯಾಲೆಂಡರ್ ದಿನ, ರಾತ್ರಿ ಹನ್ನೆರಡಕ್ಕೆ ಮುಗಿಯುವುದು. ಇಪ್ಪತ್ತನಾಲ್ಕು ಗಂಟೆ ಅಲ್ಲ.

ನಾವು ಸ್ನೇಹಿತರು ಚಿಕ್ಕಮಗಳೂರಿಗೆ ಹೋದಾಗ ಇದೇ ಪಾಠ ಆಯಿತು. ಆಫೀಸ್ ಮುಗಿಸಿ ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟೆವು. ಭಾನುವಾರ ರಾತ್ರಿ ಹತ್ತೂವರೆಗೆ ವಾಪಸ್. ಒಟ್ಟು ಓಡಿದ್ದು 560 ಕಿ.ಮೀ. ರೇಟು ಕಿ.ಮೀ.ಗೆ 13. ನಮ್ಮ ಲೆಕ್ಕ ಎರಡು ದಿನ, ಮಿನಿಮಮ್ 600 ಕಿ.ಮೀ., 7,800 ರೂಪಾಯಿ. ಬಂದ ಬಿಲ್ಲು ಮೂರು ದಿನದ್ದು, 900 ಕಿ.ಮೀ., 11,700. ಶುಕ್ರವಾರದ ಆ ಎರಡೇ ಗಂಟೆಗೆ 3,900 ರೂಪಾಯಿ. ಮೇಲೆ ಡ್ರೈವರ್ ಬಾಟಾ (ದಿನದ ಭತ್ಯೆ) ಕೂಡ ಮೂರು ದಿನದ್ದು. ವಾದ ಮಾಡಲು ಹೋದರೆ ಅವರು ವಾಟ್ಸ್‌ಆ್ಯಪ್‌ನಲ್ಲಿ ಮೊದಲೇ ಕಳಿಸಿದ್ದ ಷರತ್ತು ತೋರಿಸಿದರು. ಓದದೇ ಓಕೆ ಅಂತ ಹಾಕಿದ್ದು ನಾನೇ. ಈಗ ಶನಿವಾರ ಬೆಳಗಿನ ನಾಲ್ಕಕ್ಕೆ ಹೊರಡುತ್ತೇವೆ. ಅಷ್ಟು ಹೊತ್ತಿಗೆ ನೆಲಮಂಗಲ ಟ್ರಾಫಿಕ್ಕೂ ಇರುವುದಿಲ್ಲ.

ಬುಕ್ ಮಾಡುವ ಮುಂಚೆ ಈ ಪ್ರಶ್ನೆಗಳನ್ನು ವಾಟ್ಸ್‌ಆ್ಯಪ್‌ನಲ್ಲೇ ಕೇಳಿ, ಉತ್ತರ ಅಲ್ಲೇ ಉಳಿಯಲಿ:

ದಿನಕ್ಕೆ ಮಿನಿಮಮ್ ಎಷ್ಟು ಕಿ.ಮೀ.? ದಿನದ ಲೆಕ್ಕ ಹನ್ನೆರಡಕ್ಕಾ, 24 ಗಂಟೆಗಾ?
ಕಿ.ಮೀ. ಶುರುವಾಗುವುದು ನಮ್ಮ ಮನೆಯಿಂದಲಾ, ನಿಮ್ಮ ಗ್ಯಾರೇಜಿನಿಂದಲಾ? ಗ್ಯಾರೇಜು ಎಲ್ಲಿದೆ?
ಬಾಟಾ ಎಷ್ಟು, ರಾತ್ರಿ ಓಡಿಸಿದರೆ ಬೇರೆ ಬಾಟಾ ಇದೆಯಾ?
ಟೋಲ್, ಪಾರ್ಕಿಂಗ್ ಯಾರದ್ದು? ಊಟಿ, ವಯನಾಡ್ ಕಡೆ ಆದರೆ ಹೊರರಾಜ್ಯದ ತೆರಿಗೆ ಯಾರು ಕಟ್ಟುತ್ತಾರೆ?
ಘಟ್ಟದಲ್ಲಿ ಎಸಿ ಹಾಕ್ತೀರಾ?

ಕೊನೆಯದು ನಗು ಬರುವ ಪ್ರಶ್ನೆ. ಆದರೆ ಚಾರ್ಮಾಡಿಯಲ್ಲಿ ಮಕ್ಕಳು ವಾಂತಿ ಮಾಡುತ್ತಿರುವಾಗ ಈ ಜಗಳ ಶುರುವಾಗುವುದನ್ನು ನೋಡಿದ್ದೇನೆ.

ಗ್ಯಾರೇಜಿನ ಲೆಕ್ಕ ಸಣ್ಣದಲ್ಲ. ನೀವು ವಿಜಯನಗರ, ಗಾಡಿ ಬರುವುದು ವೈಟ್‌ಫೀಲ್ಡ್‌ನಿಂದ ಅಂದರೆ ಹೋಗಿಬರುವುದೇ ಐವತ್ತು ಕಿ.ಮೀ. ಮೇಲೆ. ಹತ್ತಿರದ ಟ್ರಾವೆಲ್ಸ್ ಕಿ.ಮೀ.ಗೆ ಒಂದು ರೂಪಾಯಿ ಜಾಸ್ತಿ ಹೇಳಿದರೂ ಎಷ್ಟೋ ಸಲ ಅದೇ ಅಗ್ಗ. ಹೊರಡುವಾಗ, ಇಳಿಯುವಾಗ ಓಡೋಮೀಟರ್‌ನ ಫೋಟೋ ತೆಗೆದುಕೊಳ್ಳಿ. ಡ್ರೈವರ್‌ಗೆ ಹೇಳಿಯೇ ತೆಗೆಯಿರಿ. ಅವರೂ ತಮ್ಮ ಓನರ್‌ಗೆ ಅದನ್ನೇ ಕಳಿಸಬೇಕು, ಬೇಜಾರು ಮಾಡಿಕೊಳ್ಳುವುದಿಲ್ಲ.

ಮದುವೆ, ಆಸ್ಪತ್ರೆ ಓಡಾಟಕ್ಕೆ ಊರೊಳಗಿನ ಪ್ಯಾಕೇಜು 8 ಗಂಟೆ, 80 ಕಿ.ಮೀ. ಇರುತ್ತದೆ. ಗಂಟೆ ಮೀರಿದರೆ ಗಂಟೆಗೆ ಇಷ್ಟು, ಕಿ.ಮೀ. ಮೀರಿದರೆ ಕಿ.ಮೀ.ಗೆ ಇಷ್ಟು. ಛತ್ರದ ಮುಂದೆ ಗಾಡಿ ನಿಂತೇ ಇದ್ದರೂ ಗಂಟೆ ಓಡುತ್ತಿರುತ್ತದೆ. ಊಟದ ಪಂಕ್ತಿಗೆ ಕಾಯುವವರು ನೆನಪಿಡಿ.

ಜಗಳ ಬಂದರೆ

ನಡೆಯುತ್ತಿರುವ ಗಾಡಿಯಲ್ಲಿ ರೇಟಿನ ಜಗಳ ಬೇಡ. ಜನ ಇರುವ ಜಾಗದಲ್ಲಿ ಇಳಿಯಿರಿ, ಲಗೇಜು ಮೊದಲು ಕೆಳಗಿಳಿಸಿ, ಆಮೇಲೆ ದುಡ್ಡಿನ ಮಾತು. ಹೆದರಿಸಿದರೆ, ಬ್ಯಾಗು ಕೊಡದಿದ್ದರೆ 112ಕ್ಕೆ ಫೋನ್ ಮಾಡಿ. ದುಡ್ಡು ಯುಪಿಐನಲ್ಲಿ ಕೊಟ್ಟರೆ ಅದೇ ರಸೀದಿ ಆಗುತ್ತದೆ. ಕ್ಯಾಶ್ ಕೊಡುವವರು ಚಿಲ್ಲರೆ ಇಟ್ಟುಕೊಳ್ಳಿ. 162ಕ್ಕೆ ಇನ್ನೂರರ ನೋಟು ಕೊಟ್ಟು ವಾಪಸ್ ಬರುತ್ತೆ ಅಂತ ಕಾಯುವುದು ವ್ಯರ್ಥ.

ದೂರಿಗೆ ಮುಖ್ಯವಾಗಿ ಬೇಕಾದದ್ದು ಗಾಡಿ ನಂಬರ್. ಆಟೋ ಆದರೆ ಡ್ರೈವರ್ ಸೀಟಿನ ಹಿಂದೆ ಡಿಸ್‌ಪ್ಲೇ ಕಾರ್ಡ್ ಇರುತ್ತದೆ, ಹತ್ತಿದ ಕೂಡಲೇ ಫೋಟೋ ತೆಗೆಯಿರಿ. ನಂಬರ್‌ನಿಂದಲೇ ಯಾವ ಆರ್‌ಟಿಓ ಗಾಡಿ ಅಂತ ಗೊತ್ತಾಗುತ್ತದೆ: ಕೆಎ 01 ಕೋರಮಂಗಲ, 02 ರಾಜಾಜಿನಗರ, 03 ಇಂದಿರಾನಗರ, 04 ಯಶವಂತಪುರ, 05 ಜಯನಗರ, 50 ಯಲಹಂಕ, 51 ಎಲೆಕ್ಟ್ರಾನಿಕ್ ಸಿಟಿ, 53 ಕೆ.ಆರ್. ಪುರ. ದೂರು ಆ ಕಚೇರಿಗೇ ಬರೆಯಿರಿ. ಆ್ಯಪ್ ಬಿಲ್ಲಿನ ತಕರಾರಾದರೆ ಮೊದಲು ಆ್ಯಪ್‌ನೊಳಗೆ, ಅಲ್ಲಿ ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ. ಅಲ್ಲಿ ಸ್ಕ್ರೀನ್‌ಶಾಟ್ ಕೇಳಿಯೇ ಕೇಳುತ್ತಾರೆ.

ಬರುವುದೇ ಇಲ್ಲ ಅಂದ ಡ್ರೈವರ್ ಮೇಲೂ ದೂರು ಕೊಡಬಹುದು. ಮೋಟಾರು ವಾಹನ ಕಾಯ್ದೆಯ 178ನೇ ಕಲಮು ಅದಕ್ಕೇ ಇದೆ. ಆದರೆ ಅದರಲ್ಲಿ ಆಟೋಗೆ ಹಾಕಬಹುದಾದ ದಂಡ 50 ರೂಪಾಯಿವರೆಗೆ, ಕಾರಿಗೆ 500 ರೂಪಾಯಿವರೆಗೆ. ಐವತ್ತು ರೂಪಾಯಿ ದಂಡಕ್ಕೆ ಯಾರು ಹೆದರುತ್ತಾರೆ ನೀವೇ ಹೇಳಿ. ಹಾಗಾಗಿ "ಬರಲ್ಲ" ಅಂದವರನ್ನು ನಾನು ಬಿಟ್ಟುಬಿಡುತ್ತೇನೆ. ಹೆಚ್ಚಿಗೆ ಕಿತ್ತವರ ಬಗ್ಗೆ ಮಾತ್ರ ಬರೆಯುತ್ತೇನೆ. ದೂರು ಉದ್ದ ಬೇಡ, ಇಷ್ಟು ಸಾಕು:

"ದಿನಾಂಕ, ಸಮಯ. ಆಟೋ ನಂಬರ್ ಇಷ್ಟು. ಮೆಜೆಸ್ಟಿಕ್‌ನಿಂದ ಬನಶಂಕರಿಗೆ 9 ಕಿ.ಮೀ. ಬಂದೆ. ಮೀಟರ್ ಹಾಕಲಿಲ್ಲ. ನಿಗದಿತ ದರ 162 ರೂ., ತೆಗೆದುಕೊಂಡಿದ್ದು 350 ರೂ. ಯುಪಿಐ ರಸೀದಿ, ಮ್ಯಾಪಿನ ಚಿತ್ರ ಲಗತ್ತಿಸಿದ್ದೇನೆ. ದಯವಿಟ್ಟು ಕ್ರಮ ಕೈಗೊಳ್ಳಿ."

ಅವತ್ತು ಇದನ್ನು ಬರೆಯಲು ನನಗೆ ಆಗಲಿಲ್ಲ. ಗಾಡಿ ನಂಬರ್ ನೋಡಿಕೊಂಡಿರಲಿಲ್ಲ.